ಎಲ್‌ಎಲ್‌ಎಂಗೆ ಹೋಗೋ ಮುಂಚೆ ನಿಮ್ಮದೊಂದು ಪ್ರಶ್ನೆ ಹುಡುಕ್ಕೊಳ್ಳಿ

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರೋರು ಒಳಗೆ ಬನ್ನಿ, ಈ ಕಡೆ ಜಾಗ ಇದೆ.

ಮೊದಲೇ ಹೇಳ್ಬಿಡ್ತೀನಿ, ವಕೀಲಿಕೆ ಮಾಡೋಕೆ ಎಲ್‌ಎಲ್‌ಎಂ, ಅಂದ್ರೆ ಎಲ್‌ಎಲ್‌ಬಿ ಆದ್ಮೇಲೆ ಮಾಡೋ ಕಾನೂನಿನ ಮಾಸ್ಟರ್ಸ್ ಡಿಗ್ರಿ, ಬೇಕಿಲ್ಲ, ಸಿವಿಲ್ ಜಡ್ಜ್ ಪರೀಕ್ಷೆಗೂ ಬೇಕಿಲ್ಲ, ಡಿಗ್ರಿ ಅಂತ ಎಲ್‌ಎಲ್‌ಬಿ ಸಾಕು. ಲಾ ಕಾಲೇಜಲ್ಲಿ ಪಾಠ ಮಾಡ್ಬೇಕು ಅಂದ್ರೆ ಬೇಕೇ ಬೇಕು, ಅದರಲ್ಲಿ 55 ಪರ್ಸೆಂಟ್ ಇರ್ಬೇಕು, ಜೊತೆಗೆ ನೆಟ್ಟೋ ಕೆಸೆಟ್ಟೋ ಅನ್ನೋ ಅಧ್ಯಾಪಕರ ಅರ್ಹತಾ ಪರೀಕ್ಷೆನೋ ಪಿಎಚ್‌ಡಿನೋ ಆಗಿರ್ಬೇಕು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಥರದ ಕಡೆ ಒಂದೇ ವರ್ಷದ ಕೋರ್ಸು, ಅದಕ್ಕೆ ಕ್ಲಾಟ್ ಪಿಜಿ ಅನ್ನೋ ಪ್ರವೇಶ ಪರೀಕ್ಷೆ ಬರೀಬೇಕು, 120 ಪ್ರಶ್ನೆ, ಎರಡು ಗಂಟೆ, ತಪ್ಪು ಉತ್ತರಕ್ಕೆ ಕಾಲು ಮಾರ್ಕ್ಸ್ ಹೋಗುತ್ತೆ. ಎರಡು ವರ್ಷದ ಕೋರ್ಸೂ ಇದೆ, ಅದೇನೂ ಕಮ್ಮಿ ಅಲ್ಲ.

ನಾನು ಹೇಳ್ಬೇಕಂತ ಬಂದಿರೋದು ಡಿಸರ್ಟೇಶನ್ ಬಗ್ಗೆ, ಅಂದ್ರೆ ಎಲ್‌ಎಲ್‌ಎಂಲಿ ನೀವು ಬರೀಬೇಕಾದ ಸಂಶೋಧನಾ ಪ್ರಬಂಧ. ತುಂಬ ಜನ ಅದನ್ನ ಕೊನೇ ತಿಂಗಳು ಹಳೇ ಥೀಸಿಸ್ ನೋಡ್ಕೊಂಡು ಮುಗಿಸಿಬಿಡ್ತಾರೆ, ನಂಗದು ನಿಜವಾಗ್ಲೂ ಸಂಕಟ ಆಗುತ್ತೆ, ಯಾಕಂದ್ರೆ ಇಡೀ ಕೋರ್ಸಲ್ಲಿ ನಿಮ್ಮದೇ ಅಂತ ಇರೋದು ಅದೊಂದೇ.

ನಾನು ಗೈಡ್ ಹತ್ರ ಮೊದಲನೇ ಸಲ ಹೋದಾಗ "ಹಿಂದೂ ಮಹಿಳೆಯರ ಆಸ್ತಿ ಹಕ್ಕು" ಅಂತ ಬರ್ಕೊಂಡು ಹೋಗಿದ್ದೆ. ಮೇಡಂ ಓದಿ, ಇದು ಟೈಟ್ಲು ಕಣಪ್ಪ, ಪ್ರಶ್ನೆ ಎಲ್ಲಿದೆ ಅಂದ್ರು. ಎರಡು ವಾರ ಲೈಬ್ರರಿಲಿ ಕೂತೆ. ನಮ್ಮ ಕರ್ನಾಟಕ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ತಂದು ಹೆಣ್ಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಡ್ತು, ಆದ್ರೆ ಅಷ್ಟರೊಳಗೆ ಮದುವೆ ಆಗಿದ್ದೋರನ್ನ ಹೊರಗಿಡ್ತು. 2005ರ ಕೇಂದ್ರದ ತಿದ್ದುಪಡಿ ಆ ಮದುವೆ ಗೆರೆ ಅಳಿಸ್ತು. ಆಮೇಲೆ 2020ರಲ್ಲಿ ವಿನೀತಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟು, ಹಕ್ಕು ಹುಟ್ಟಿಂದಾನೇ ಬರೋದು, 2005ರಲ್ಲಿ ಅಪ್ಪ ಬದುಕಿರ್ಲೇಬೇಕು ಅಂತೇನಿಲ್ಲ ಅಂತು, ಅದು ನನ್ನ ಕೋರ್ಸ್ ಮುಗಿದು ಎಷ್ಟೋ ವರ್ಷ ಆದ್ಮೇಲೆ. ಪುಸ್ತಕದಲ್ಲಿ ಹಕ್ಕು ಇಷ್ಟು ಗಟ್ಟಿ ಇದ್ರೂ ಊರಲ್ಲಿ ಪಹಣಿ ತೆಗೆದು ನೋಡಿದ್ರೆ ಅಣ್ಣತಮ್ಮಂದಿರ ಹೆಸರೇ.

ಆಗ ನೆನಪಾಗಿದ್ದು ನಮ್ಮ ಸೋದರತ್ತೆ. ನಾನು ಎಲ್‌ಎಲ್‌ಬಿ ಎರಡನೇ ವರ್ಷದಲ್ಲಿದ್ದಾಗ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ರು. ಅಪ್ಪ ಒಂದು ಸೀರೆ, ಅರಿಶಿನ ಕುಂಕುಮ ಕೊಟ್ರು. ಸಾಕ್ಷಿ ಸಹಿ ಹಾಕಿದ್ದು ನಾನು. ಬೆರಳಿನ ಇಂಕನ್ನ ಅತ್ತೆ ಸೆರಗಿಗೆ ಒರೆಸ್ಕೊಳ್ಳೋಕೆ ಹೋಗಿ, ಹೊಸ ಸೀರೆ ಅಂತ ನೆನಪಾಗಿ ಗೋಡೆಗೆ ಒರೆಸಿದ್ದು ಇವತ್ತಿಗೂ ಕಣ್ಣಲ್ಲಿದೆ.

ಅಲ್ಲಿ ನಂಗೆ ಪ್ರಶ್ನೆ ಸಿಕ್ತು: ಹಕ್ಕಿದ್ರೂ ಹೆಣ್ಮಕ್ಕಳು ಬಿಟ್ಟುಕೊಡೋದು ಗೊತ್ತಿಲ್ಲದೇನಾ, ಗೊತ್ತಿದ್ದೂನಾ? ಇದಕ್ಕೆ ಬರೀ ತೀರ್ಪು ಓದಿದ್ರೆ ಉತ್ತರ ಸಿಗಲ್ಲ, ಮನೆಮನೆಗೆ ಹೋಗಿ ಕೇಳ್ಬೇಕು. ನಾನು ಮೊದಲು ಕೇಳಿದ್ದು ಅತ್ತೆನೇ.

"ಅತ್ತೆ, ನಿಂಗೂ ಪಾಲಿದೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು ಕಣೋ. ಪಾಲು ಕೇಳಿದ್ಮೇಲೆ ಗೌರಿ ಹಬ್ಬಕ್ಕೆ ಬಾಗಿನ ಯಾರು ತರ್ತಿದ್ರು?"

ಈ ಉತ್ತರ ಯಾವ ಲಾ ರಿಪೋರ್ಟಲ್ಲೂ ಇಲ್ಲ. ನನ್ನ ಮೂರನೇ ಅಧ್ಯಾಯ ಪೂರ್ತಿ ಇದರ ಮೇಲೇ ನಿಂತಿದೆ, ಒಪ್ಪಿಗೆ ಅಂದ್ರೆ ಏನು, ತವರು ತಪ್ಪಿಹೋಗುತ್ತೆ ಅನ್ನೋ ಭಯದಲ್ಲಿ ಒತ್ತಿದ ಹೆಬ್ಬೆಟ್ಟನ್ನ ಸ್ವಇಚ್ಛೆ ಅಂತ ಪತ್ರದಲ್ಲಿ ಬರೀಬಹುದಾ ಅಂತ.

ಇಂಗ್ಲಿಷ್ ಬರಲ್ಲ ಸಾರ್ ಅಂತ ಹಿಂದೆ ಸರಿಯೋರಿಗೆ ಒಂದು ಮಾತು. ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ಅನ್ನೋ ವೆಬ್‌ಸೈಟಲ್ಲಿ ತೀರ್ಪುಗಳು ಫ್ರೀಯಾಗಿ ಸಿಗ್ತವೆ, ಕೆಲವು ಕನ್ನಡದಲ್ಲೂ ಇವೆ. ದಿನಾ ಹತ್ತು ಪುಟ ಓದಿ, ಮೇಲೆ ಕೊಟ್ಟಿರೋ ಸಾರಾಂಶ, ಅಂದ್ರೆ ಹೆಡ್‌ನೋಟ್ ಅಲ್ಲ, ಪೂರ್ತಿ ತೀರ್ಪು. ಭಾಷೆ ತಾನಾಗೇ ಕೈಗೆ ಬರುತ್ತೆ. ಆದ್ರೆ ಹಳ್ಳಿಲಿ ಜಗಲಿ ಮೇಲೆ ಕೂತು ಒಬ್ಬ ಅಜ್ಜಿ ಹತ್ರ ಇಂಥ ಮಾತು ಆಡಿಸೋದು ನಿಮಗೆ ಈಗ್ಲೇ ಬರುತ್ತಲ್ಲ, ಅದನ್ನ ಯಾವ ಕೋಚಿಂಗೂ ಕಲಿಸಲ್ಲ.

ಊಟ ಆದ್ಮೇಲೆ ನಾನು ಸ್ಟಾಫ್ ರೂಮಲ್ಲೇ ಇರ್ತೀನಿ. ಯಾರಿಗಾದ್ರೂ ಏನಾದ್ರೂ ಪ್ರಶ್ನೆ ಹೊಳೆದಿದ್ರೆ ಒಂದು ಹಾಳೇಲಿ ಬರ್ಕೊಂಡು ಬನ್ನಿ, ಕೂತು ನೋಡೋಣ.