ಮೊದಲು ಫುಟ್‌ಪಾತಿಗೊಂದು ಮಾಡು, ಮತ್ತೆ ಗೋಡೆಗೆ ಪೈಂಟು

ನಮಸ್ಕಾರ. ಎದುರು ಕಾಣುವುದು ಕಾಸರಗೋಡು ಪೇಟೆಯ ನಾಲ್ಕು ಮಾಳಿಗೆಯ ಅಂಗಡಿ ಕಟ್ಟಡ. ಪಡುವಣ ಗೋಡೆ ಇಡೀ ಪಾಚಿ ಹಿಡಿದು ಕಪ್ಪಾಗಿದೆ, ಕಡಲ ಬದಿಯ ಊರಲ್ಲಿ ಇದು ಇದ್ದದ್ದೇ. ತೊಳೆಯುವುದು, ಪ್ರೈಮರ್, ಎರಡು ಕೋಟ್, ಅದೆಲ್ಲ ವಿಡಿಯೋದಲ್ಲಿ ಕಾಣ್ತದೆ. ಒಂದೇ ಮಾತು: ಗೋಡೆ ಒಳಗಿಂದ ಒಣಗದೆ ಪ್ರೈಮರ್ ಹೊಡೆದರೆ ಮುಂದಿನ ಮಳೆಗಾಲಕ್ಕೆ ಗುಳ್ಳೆ ಎದ್ದು ಸಿಪ್ಪೆಯಾಗಿ ಬೀಳ್ತದೆ.

ಈಗ ಪೈಂಟರು ನಿಲ್ಲುವ ಪೈಪಿನ ಅಟ್ಟಣಿಗೆಗೆ (ಸ್ಕ್ಯಾಫೋಲ್ಡಿಂಗ್) ಕಟ್ಟಿದ ಈ ಹಸಿರು ಬಲೆ ನೋಡಿ. ಇದನ್ನು ಕಂಡರೆ ಸಿಟ್ಟು ಬರ್ತದೆ. ಇದು ನರ್ಸರಿಗೆ ನೆರಳು ಕಟ್ಟುವ ಬಲೆ ಮಾರಾಯ್ರೆ. ಧೂಳು ತಡೀತದೆ, ಪೈಂಟಿನ ಹನಿ ತಡೀತದೆ, ಅಷ್ಟೇ. ಹತ್ತು ಮೀಟರ್ ಮೇಲಿಂದ ಕೈ ಜಾರಿದ, ಗೋಡೆ ಕೆರೆಯುವ ಪಟ್ಟಿ ಒಂದೂವರೆ ಸೆಕೆಂಡಿನೊಳಗೆ ನೆಲ ಮುಟ್ತದೆ, ಗಂಟೆಗೆ 50 ಕಿ.ಮೀ. ವೇಗದಲ್ಲಿ. 20 ಲೀಟರಿನ ತುಂಬಿದ ಬಕೆಟ್ಟಾದರೆ ಬಲೆ ಹರಿದುಕೊಂಡೇ ಬರುವುದು. ಕೆಳಗೆ ಲಾಟರಿ ಮಾರುವವರು ಕೂತಿರ್ತಾರೆ, ಶಾಲೆ ಮಕ್ಕಳು ಬಸ್ಸಿಗೆ ಓಡ್ತಿರ್ತಾರೆ. ಬೇಕಾದದ್ದು ಫುಟ್‌ಪಾತಿನ ಮೇಲೆ ಗಟ್ಟಿಯಾದ ಒಂದು ಮಾಡು, ಅಂದರೆ ಚಾವಣಿ: ಪೈಪಿನ ಚೌಕಟ್ಟು, ಅದರ ಮೇಲೆ ಸಂದಿಲ್ಲದ ಹಲಗೆ, ಹಲಗೆ ಮೇಲೆ ಪ್ಲೈವುಡ್. ನಡೆಯುವವರ ತಲೆಗೆ ತಾಗದ ಹಾಗೆ ಕನಿಷ್ಠ 2.1 ಮೀಟರ್ ಎತ್ತರ. ಕೊಟೇಶನ್ನಿನಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಹಾಗಾಗಿ ಇದನ್ನು ಬೇರೆಯೇ ಸಾಲಲ್ಲಿ ಬರೆಸಿ, ಪೈಂಟಿನ ರೇಟಿನೊಳಗೆ ಸೇರಿಸಬೇಡಿ.

ಹಾಗಂತ ಬಲೆಯೇ ಬೇಡವಾ? ಬೇಕು, ಹನಿಗೆ ಬೇಕು. ಆದರೆ ಕಡಲ ಗಾಳಿಗೆ ಅದು ದೋಣಿಯ ಹಾಯಿ ಹಾಗೆ ಉಬ್ಬಿ ಇಡೀ ಸ್ಕ್ಯಾಫೋಲ್ಡಿಂಗನ್ನೇ ಎಳೀತದೆ. ಬುಡದ ಅಗಲದ ನಾಲ್ಕು ಪಟ್ಟು ಎತ್ತರ ದಾಟುವ ಮೊದಲೇ ಪೈಪನ್ನು ಗೋಡೆಗೆ ಬಿಗೀಬೇಕು. ಬಲೆ ಕಟ್ಟಿದ್ದರೆ ಬಿಗಿತ ಇನ್ನೂ ಹತ್ತಿರ ಹತ್ತಿರ ಬೇಕು. ನಿಲ್ಲುವ ಹಲಗೆಯ ಅಂಚಿಗೆ 15 ಸೆಂ.ಮೀ. ಎತ್ತರದ ಅಡ್ಡಪಟ್ಟಿಯೂ ಬೇಕು, ಕಾಲು ತಾಗಿ ಬ್ರಶ್ ಉರುಳದ ಹಾಗೆ.

ಕೆಳಗೆ ಬನ್ನಿ, ಈ ಕಾಲು ನೋಡಿ. ನಮ್ಮ ಪೇಟೆಯ ಫುಟ್‌ಪಾತೆಂದರೆ ಚರಂಡಿ ಮೇಲೆ ಮುಚ್ಚಿದ ಸ್ಲ್ಯಾಬ್. ಅದರ ನಡುವಿಗೆ ಪೈಪಿನ ಕಾಲು ಊರಿದರೆ ಸ್ಲ್ಯಾಬ್ ಬಿರೀತದೆ, ಕಾಲು ಇಳೀತದೆ. ಬೇಸ್ ಪ್ಲೇಟಿನ ಅಡಿಗೆ ದಪ್ಪ ಮರದ ಹಲಗೆ, ಅದು ಚರಂಡಿಯ ಎರಡೂ ಗೋಡೆಗಳ ಮೇಲೆ ಕೂರಬೇಕು.

ಬೋರ್ಡುಗಳನ್ನು ಬಿಚ್ಚುತ್ತಿದ್ದಾರೆ. ಮಲಯಾಳ, ಕನ್ನಡ, ಇಂಗ್ಲಿಷು, ಮೂರೂ ಒಂದೇ ಹಲಗೆಯಲ್ಲಿ, ಏನು ಚಂದ ಅಲ್ವಾ? ಕೆಲವರು ಹೊಸ ಬೋರ್ಡು ಮಾಡಿಸುವಾಗ ಕನ್ನಡ ಬಿಟ್ಟುಬಿಡ್ತಾರೆ, ಅದು ಸರಿಯಲ್ಲ. ಇರಲಿ, ಶಾಟ್ ಮುಗೀತು. ಬೋಲ್ಟು ಉಪ್ಪುಗಾಳಿಗೆ ತುಕ್ಕು ತಿಂದಿರ್ತದೆ, ಬೋರ್ಡನ್ನು ಹಗ್ಗದಲ್ಲಿ ಕಟ್ಟಿಯೇ ಬಿಚ್ಚಿ, ಲೈಟಿನ ಕರೆಂಟ್ ತೆಗೆದು.

ಮುಂದೆ ಹಾದುಹೋಗುವುದು 11 ಕೆವಿ (11 ಸಾವಿರ ವೋಲ್ಟ್) ಕರೆಂಟ್ ಲೈನಾದರೆ ಅಲ್ಯೂಮಿನಿಯಂ ಏಣಿ, ಉದ್ದ ಕೋಲಿನ ರೋಲರ್ ಆ ಬದಿಗೆ ತರಲೇಬೇಡಿ. ಕೇರಳ ವಿದ್ಯುತ್ ಮಂಡಳಿಯ (ಕೆಎಸ್‌ಇಬಿ) ಸೆಕ್ಷನ್ ಆಫೀಸಿಗೆ ಮೊದಲೇ ಅರ್ಜಿ ಕೊಟ್ಟು ಲೈನ್ ಆಫ್ ಮಾಡಿಸಿ.

ಹಾರ್ನೆಸ್ಸಿನ, ಅಂದರೆ ಮೈಗೆ ಕಟ್ಟುವ ಸುರಕ್ಷತಾ ಬೆಲ್ಟಿನ, ಕೊಕ್ಕೆಯನ್ನು ನೀರಿನ ಟ್ಯಾಂಕಿನ ಪೈಪಿಗೆ ಸಿಕ್ಕಿಸಬಾರದು. ತಾರಸಿಯ ಕಂಬಕ್ಕೆ ಬೇರೆಯೇ ಹಗ್ಗ ಬಿಗಿದು ಅದಕ್ಕೆ. ಪ್ಯಾರಪೆಟ್ಟಿನ ಅಂಚಲ್ಲಿ ಹಗ್ಗ ತೇಯದ ಹಾಗೆ ಹಳೆ ಟಯರಿನ ತುಂಡು ಇಡಿ. ಬೆಲ್ಟನ್ನು ಕೊಕ್ಕೆಗೆ ಸೇರಿಸುವ 1.8 ಮೀಟರ್ ಹಗ್ಗಕ್ಕೆ (ಲ್ಯಾನ್ಯಾರ್ಡ್), ಬೀಳುವಾಗಿನ ಎಳೆತ ತಗ್ಗಿಸುವ ಶಾಕ್ ಅಬ್ಸಾರ್ಬರ್ ಬಿಚ್ಚಿಕೊಂಡರೆ, ಕೊಕ್ಕೆಯಿಂದ ಕೆಳಗೆ ಸುಮಾರು 5.5 ಮೀಟರ್ ಖಾಲಿ ಜಾಗ ಬೇಕು. ಮೊದಲ ಮಾಳಿಗೆಯಲ್ಲಿ ಕಾಲ ಬುಡಕ್ಕೆ ಸಿಕ್ಕಿಸಿದರೆ ಮನುಷ್ಯ ನೆಲಕ್ಕೇ ಬೀಳ್ತಾನೆ.

ಸ್ಪ್ರೇ ಗನ್ ಇಲ್ಲಿ ಬೇಡ. ಗಾಳಿಗೆ ಮಂಜಿನ ಹಾಗೆ ಹಾರಿ ರಸ್ತೆಯಾಚೆಯ ಕಾರಿಗೂ ಕೂರ್ತದೆ. ಒಳಭಾಗದ ಅಂಗಳಕ್ಕಾದರೆ ಆಗಬಹುದು, ರಸ್ತೆ ಬದಿಗೆ ರೋಲರೇ. ಶಟರಿನ ಹಳೆ ಆಯಿಲ್ ಪೈಂಟನ್ನು ಒಣಗಿದ್ದಾಗ ಉಜ್ಜಬೇಡಿ. ಪೈಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90) ದಾಟಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ, ಅದಕ್ಕಿಂತ ಹಳೆಯದರಲ್ಲಿ ಸೀಸ ಇರಬಹುದು. ನೀರು ಚಿಮುಕಿಸಿ ಕೆರೆದು, ಸಿಪ್ಪೆಯನ್ನು ಟಾರ್ಪಾಲಿನಲ್ಲೇ ಕಟ್ಟಿ ಒಯ್ಯಿರಿ.

ಸ್ಕ್ಯಾಫೋಲ್ಡಿಂಗ್ ಬಿಚ್ಚುವಾಗ ಮೇಲಿಂದ ಕೆಳಗೆ. ಪೈಪನ್ನು ಎಸೆಯುವುದಿಲ್ಲ, ಹಗ್ಗದಲ್ಲಿ ಇಳಿಸುವುದು. ಫುಟ್‌ಪಾತಿನ ಮಾಡು ಕೊನೆಗೆ, ಕೊನೆಯ ಪೈಪೂ ಇಳಿದ ಮೇಲೆ. ರೋಲರ್ ತೊಳೆದ ನೀರನ್ನು ಚರಂಡಿಗೆ ಸುರಿಯಬೇಡಿ, ಬಕೆಟ್ಟಲ್ಲೇ ಇಡಿ, ಪೈಂಟು ತಳಕ್ಕೆ ಇಳೀತದೆ.