ನಡೆದಾಗ ಬರುವ ಏದುಸಿರು ಮತ್ತು ಶ್ವಾಸಕೋಶದ ರಕ್ತನಾಳಗಳು

ಎಲ್ಲರಿಗೂ ನಮಸ್ಕಾರ.

ಸಿಒಪಿಡಿ, ಅಂದರೆ ಉಸಿರಿನ ನಾಳಗಳು ಕಿರಿದಾಗಿ ಬಹುಕಾಲ ಕಾಡುವ ಶ್ವಾಸಕೋಶದ ಕಾಯಿಲೆ, ಎಂದೊಡನೆ ನಮ್ಮ ಗಮನವೆಲ್ಲ ಗಾಳಿಯ ಕಡೆಗೇ ಹೋಗುತ್ತದೆ. ಉಸಿರಿನ ನಾಳ ಕಿರಿದಾಗಿದೆ, ಕಫ ಕಟ್ಟಿದೆ, ಇನ್‌ಹೇಲರ್ ಬೇಕು. ಅದೆಲ್ಲ ನಿಜವೇ. ಆದರೆ ಹೃದಯದ ಬಲಭಾಗಕ್ಕೆ ಬಂದ ರಕ್ತವೆಲ್ಲ ಶ್ವಾಸಕೋಶವನ್ನು ಹಾದೇ ಎಡಭಾಗಕ್ಕೆ ಹೋಗಬೇಕು. ಕಾಯಿಲೆಯವರು ಎದ್ದು ನಡೆಯತೊಡಗಿದಾಗ ಆ ರಕ್ತದ ಹರಿವಿಗೆ ಏನಾಗುತ್ತದೆ ಎಂಬುದೇ ಇಂದಿನ ನನ್ನ ಮಾತು.

ಮೊದಲು ಆರೋಗ್ಯವಂತರ ವಿಷಯ. ಸುಮ್ಮನೆ ಕುಳಿತಾಗ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಶ್ವಾಸಕೋಶದಲ್ಲಿ ಹರಿಯುತ್ತದೆ. ಜೋರಾಗಿ ಓಡಿದರೆ ಅದು 20 ಲೀಟರ್ ಆಗಬಹುದು. ಶ್ವಾಸಕೋಶದ ಅಪಧಮನಿಯಲ್ಲಿ ವಿಶ್ರಾಂತಿಯ ಸರಾಸರಿ ಒತ್ತಡ 14 ಮಿ.ಮೀ. ಪಾದರಸದ ಆಸುಪಾಸು. ಹರಿವು ನಾಲ್ಕು ಪಟ್ಟಾದರೂ ಒತ್ತಡ ಅಷ್ಟೇ ಪಟ್ಟು ಏರುವುದಿಲ್ಲ. ಅದುವರೆಗೆ ಮುಚ್ಚಿಕೊಂಡಿದ್ದ ಲೋಮನಾಳಗಳು, ಅಂದರೆ ಕೂದಲೆಳೆಗಿಂತ ತೆಳುವಾದ ರಕ್ತನಾಳಗಳು, ತೆರೆದುಕೊಳ್ಳುತ್ತವೆ, ತೆರೆದಿದ್ದವು ಇನ್ನಷ್ಟು ಅಗಲವಾಗುತ್ತವೆ. ಶ್ವಾಸಕೋಶಕ್ಕೆ ರಕ್ತ ನೂಕುವ, ತೆಳು ಗೋಡೆಯ ಬಲ ಹೃತ್ಕುಕ್ಷಿಗೆ (ಹೃದಯದ ಬಲಭಾಗದ ಕೆಳಗಿನ ಕೋಣೆಗೆ) ಈ ಔದಾರ್ಯವೇ ಆಸರೆ.

ಸಿಒಪಿಡಿಯಲ್ಲಿ ಆ ಔದಾರ್ಯ ಕರಗಿಹೋಗಿರುತ್ತದೆ. ಗಾಳಿಗೂಡುಗಳ ಗೋಡೆ ನಾಶವಾದಾಗ ಅದರೊಳಗಿನ ಲೋಮನಾಳಗಳೂ ನಾಶವಾಗುತ್ತವೆ. ಇನ್ನೊಂದು ಕಾರಣವನ್ನು 1946ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳಾದ ಆಯ್ಲರ್ ಮತ್ತು ಲಿಲ್ಯೆಸ್ಟ್ರಾಂಡ್ ಬೆಕ್ಕುಗಳಲ್ಲಿ ತೋರಿಸಿಕೊಟ್ಟರು: ಆಮ್ಲಜನಕ ಕಡಿಮೆಯಾದರೆ ಶ್ವಾಸಕೋಶದ ರಕ್ತನಾಳ ಬಿಗಿದುಕೊಳ್ಳುತ್ತದೆ. ಒಂದು ಮೂಲೆಯಲ್ಲಿ ಮಾತ್ರ ಹೀಗಾದರೆ ಅದು ಜಾಣತನ; ಗಾಳಿ ಬಾರದ ಕಡೆಗೆ ರಕ್ತ ವ್ಯರ್ಥವಾಗಿ ಹೋಗುವುದು ತಪ್ಪುತ್ತದೆ. ಎಲ್ಲೆಡೆ ಬಿಗಿದುಕೊಂಡರೆ ಒತ್ತಡ ಏರುತ್ತದೆ. ವರ್ಷಗಟ್ಟಲೆ ಹಾಗೆಯೇ ಇದ್ದರೆ ನಾಳದ ಗೋಡೆ ದಪ್ಪಗಾಗಿಬಿಡುತ್ತದೆ.

ಮೂರನೆಯ ಕಾರಣವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಅದರ ಮೇಲೆ ನಮಗೆ ಹಿಡಿತವಿದೆ. ನಡೆಯುವಾಗ ಉಸಿರಾಟದ ವೇಗ ಹೆಚ್ಚುತ್ತದೆ. ಕಿರಿದಾದ ನಾಳದಿಂದ ಗಾಳಿ ಪೂರ್ತಿ ಹೊರಬೀಳುವ ಮೊದಲೇ ಮುಂದಿನ ಉಸಿರು ಒಳಗೆ ಬರುತ್ತದೆ. ಹೆಜ್ಜೆ ಹೆಜ್ಜೆಗೂ ಗಾಳಿ ಒಳಗೇ ಉಳಿದು ಎದೆ ಉಬ್ಬಿಕೊಳ್ಳುತ್ತದೆ. ಹೀಗೆ ಸಿಕ್ಕಿಹಾಕಿಕೊಂಡ ಗಾಳಿ ರಕ್ತನಾಳಗಳನ್ನೂ ಹೃದಯವನ್ನೂ ಒತ್ತುತ್ತದೆ. ವಿಶ್ರಾಂತಿಯಲ್ಲಿ ಸಾಮಾನ್ಯವಾಗಿಯೇ ಇದ್ದ ಒತ್ತಡ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಜಿಗಿಯುವುದಕ್ಕೆ ಇದೂ ಒಂದು ಕಾರಣ. ಹಾಗಾಗಿ ಮಲಗಿಸಿ ಮಾಡಿದ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿ ಚೆನ್ನಾಗಿದೆ ಎಂದಮಾತ್ರಕ್ಕೆ ರೋಗಿಯ ದೂರನ್ನು ತಳ್ಳಿಹಾಕಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಶ್ವಾಸಕೋಶದ ರಕ್ತದೊತ್ತಡದ ಬಗ್ಗೆ ಯುರೋಪಿನ ವೈದ್ಯರು 2022ರಲ್ಲಿ ಹೊರತಂದ ಮಾರ್ಗಸೂಚಿಯೂ ವ್ಯಾಯಾಮದ ಹೊತ್ತಿನ ಒತ್ತಡಕ್ಕೆ ಮತ್ತೆ ಸ್ಥಾನ ಕೊಟ್ಟಿದೆ: ಹರಿವು ನಿಮಿಷಕ್ಕೆ ಒಂದು ಲೀಟರ್ ಹೆಚ್ಚಿದಾಗಲೆಲ್ಲ ಒತ್ತಡ 3 ಮಿ.ಮೀ.ಗಿಂತ ಹೆಚ್ಚು ಏರಿದರೆ ಅದು ಅಸಹಜ.

ಇದು ಬೀಡಿ ಸಿಗರೇಟು ಸೇದುವ ಗಂಡಸರ ಕಾಯಿಲೆ ಎಂದುಕೊಳ್ಳಬೇಡಿ. 1950ರ ದಶಕದಲ್ಲಿಯೇ ದೆಹಲಿಯಲ್ಲಿ ಹೃದ್ರೋಗ ತಜ್ಞೆ ಡಾ. ಶಿವರಾಮಕೃಷ್ಣ ಪದ್ಮಾವತಿಯವರು ಶ್ವಾಸಕೋಶದ ಕಾಯಿಲೆಯಿಂದ ಬಲ ಹೃದಯ ಸೋತವರನ್ನು ಅಧ್ಯಯನ ಮಾಡಿ, ಅವರಲ್ಲಿ ಹೆಂಗಸರೂ ಬಹಳ ಮಂದಿ ಇರುವುದನ್ನು ಕಂಡರು. ಅಡುಗೆಮನೆಯ ಹೊಗೆಯತ್ತ ಬೊಟ್ಟು ಮಾಡಿದರು. ಸೌದೆ ಒಲೆಯ ಮುಂದೆ ಆಯುಷ್ಯ ಕಳೆದ ನಮ್ಮ ತಾಯಂದಿರ ಏದುಸಿರನ್ನು ಇಂದಿಗೂ "ವಯಸ್ಸಾಯಿತು" ಎಂದು ಬಿಟ್ಟುಬಿಡುತ್ತೇವೆ. ನನಗೆ ಇದು ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ಹಾಗಾದರೆ ನಡೆಯಬಾರದೇ? ಖಂಡಿತ ನಡೆಯಬೇಕು. "ನಡೆದರೆ ದಮ್ಮು ಬರುತ್ತದೆ ಡಾಕ್ಟರೇ, ಅದಕ್ಕೇ ಬಿಟ್ಟುಬಿಟ್ಟೆ" ಎನ್ನುವವರ ತೊಡೆಯ ಸ್ನಾಯುಗಳು ಸೊರಗುತ್ತವೆ. ಸೊರಗಿದ ಸ್ನಾಯು ಅಲ್ಪ ಶ್ರಮಕ್ಕೇ ಲ್ಯಾಕ್ಟಿಕ್ ಆಮ್ಲ ಸುರಿಸುತ್ತದೆ, ಉಸಿರು ಮತ್ತಷ್ಟು ವೇಗವಾಗುತ್ತದೆ, ಎದೆಯಲ್ಲಿ ಇನ್ನಷ್ಟು ಗಾಳಿ ಸಿಕ್ಕಿಕೊಳ್ಳುತ್ತದೆ. ಆರೆಂಟು ವಾರಗಳ ಕ್ರಮಬದ್ಧ ವ್ಯಾಯಾಮ ಈ ಸರಪಳಿಯನ್ನು ಸ್ನಾಯುವಿನ ಕಡೆಯಿಂದ ಕಡಿಯುತ್ತದೆ. ನಾಶವಾದ ಲೋಮನಾಳ ಮರಳಿ ಬರುವುದಿಲ್ಲ, ಊದಿಸಿ ಉಸಿರಿನ ಬಲ ಅಳೆಯುವ ಸ್ಪೈರೋಮೆಟ್ರಿಯ ಅಂಕಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೂ ಅದೇ ಮನುಷ್ಯ ಅದೇ ಕೆಲಸವನ್ನು ಕಡಿಮೆ ಉಸಿರಿನಲ್ಲಿ ಮಾಡುತ್ತಾನೆ.

ಆರಂಭಕ್ಕೆ ಮೊದಲು ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿ. 30 ಮೀಟರ್ ಉದ್ದದ ಸಮತಟ್ಟಾದ ಪಡಸಾಲೆ, ಎರಡು ತುದಿಗೂ ಗುರುತು, ಬೆರಳಿಗೆ ಆಕ್ಸಿಮೀಟರ್. ಕುಳಿತಾಗ ಶೇಕಡಾ 94 ಇದ್ದ ರಕ್ತದ ಆಮ್ಲಜನಕದ ಅಂಕಿ ನಾಲ್ಕನೆಯ ನಿಮಿಷದಲ್ಲಿ 85ಕ್ಕೆ ಇಳಿಯುವುದುಂಟು. ಕುರ್ಚಿಯಲ್ಲಿ ಕೂರಿಸಿ ನೋಡಿದರೆ ಇದು ಗೊತ್ತೇ ಆಗುವುದಿಲ್ಲ. ಹೀಗೆ ಇಳಿಯುವವರು ಎಷ್ಟು ನಡೆಯಬೇಕು, ನಡೆಯುವಾಗ ಆಮ್ಲಜನಕ ಬೇಕೇ ಎಂಬುದನ್ನು ವೈದ್ಯರು ತೀರ್ಮಾನಿಸಬೇಕು. ವಿಶ್ರಾಂತಿಯಲ್ಲೇ ಆಮ್ಲಜನಕ ತೀರಾ ಕಡಿಮೆ ಇರುವವರಿಗೆ ದಿನಕ್ಕೆ ಕನಿಷ್ಠ 15 ಗಂಟೆ ಅದನ್ನು ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ ಎಂಬುದು 1980 ಮತ್ತು 81ರಲ್ಲಿ ಪ್ರಕಟವಾದ ಎರಡು ಪ್ರಯೋಗಗಳಿಂದ ಸಿದ್ಧವಾಗಿದೆ. ರಕ್ತನಾಳ ಸಡಿಲಿಸುವ ಸಿಲ್ಡೆನಾಫಿಲ್‌ನಂಥ ಮಾತ್ರೆಯನ್ನು ಮಾತ್ರ ಯಾರೋ ಹೇಳಿದರೆಂದು ನುಂಗಬೇಡಿ. ಅದು ಗಾಳಿ ಬಾರದ ಕಡೆಗೂ ರಕ್ತ ಹರಿಸಿ ಆಮ್ಲಜನಕವನ್ನು ಇನ್ನೂ ಇಳಿಸಬಹುದು.

ನಡೆಯುವಾಗ ಮೂಗಿನಿಂದ ಉಸಿರೆಳೆದು, ತುಟಿ ಮುಂದೆ ಮಾಡಿ, ಎಳೆದುಕೊಂಡದ್ದರ ಎರಡರಷ್ಟು ಹೊತ್ತು ನಿಧಾನವಾಗಿ ಬಿಡಿ. ಸಿಕ್ಕಿಕೊಂಡ ಗಾಳಿ ಹೊರಬರುತ್ತದೆ. ಎರಡು ನಿಮಿಷ ನಡೆದು ಒಂದು ನಿಮಿಷ ನಿಂತರೂ ಅದು ವ್ಯಾಯಾಮವೇ. ಆದರೆ ನಡೆಯುವಾಗ ಕಣ್ಣು ಕತ್ತಲೆ ಬಂದರೆ, ಎದೆ ನೋವು ಕಾಣಿಸಿಕೊಂಡರೆ, ಸಂಜೆಯ ಹೊತ್ತಿಗೆ ಪಾದ ಊದಿಕೊಳ್ಳುತ್ತಿದ್ದರೆ, ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಿ. ಬಲ ಹೃದಯದ ಸ್ಥಿತಿ ತಿಳಿದ ಮೇಲೆಯೇ ಮುಂದಿನ ನಡಿಗೆ.