ನಿಯಮಕ್ಕೂ ಒಂದು ಅವಧಿ ಇರಲಿ

ಸರ್ಕಾರಿ ನಿಯಮಗಳು ಹೆಚ್ಚುತ್ತಲೇ ಹೋಗುವುದಕ್ಕೆ ಯಾರದೋ ದುರುದ್ದೇಶ ಕಾರಣವೆಂದು ನಾನು ನಂಬುವುದಿಲ್ಲ. ಅವಘಡವೊಂದು ಸಂಭವಿಸಿದಾಗ ಹೊಸ ನಿಯಮ ಬೇಕೆಂದು ಪಟ್ಟು ಹಿಡಿಯುವವರು ನಾವೇ. ಆದರೆ ಹತ್ತು ವರ್ಷಗಳ ಬಳಿಕ ಆ ನಿಯಮ ಇನ್ನೂ ಕೆಲಸಕ್ಕೆ ಬರುತ್ತಿದೆಯೇ ಎಂದು ನೋಡುವ ಹೊಣೆ ಸಾಮಾನ್ಯವಾಗಿ ಯಾರ ಮೇಲೂ ಇರುವುದಿಲ್ಲ. ಅನುಮತಿ ಕೊಟ್ಟ ಮೇಲೆ ಅನಾಹುತವಾದರೆ ಅಧಿಕಾರಿ ವಿಚಾರಣೆ ಎದುರಿಸಬೇಕಾಗುತ್ತದೆ. ಬೇಡದ ಷರತ್ತೊಂದನ್ನು ವರ್ಷಗಟ್ಟಲೆ ಮುಂದುವರಿಸಿದ್ದಕ್ಕೆ ಅವರನ್ನು ಪ್ರಶ್ನಿಸುವವರಿಲ್ಲ. ಹೀಗಿರುವಾಗ ಕಡತ ದಪ್ಪವಾಗದೆ ಇನ್ನೇನಾದೀತು?

ಇದಕ್ಕೆ ಕಡಿವಾಣ ಹಾಕಲು ಕೆಲವು ದೇಶಗಳು ಲೆಕ್ಕದ ದಾರಿ ಹಿಡಿದವು. ಹೊಸ ನಿಯಮದಿಂದ ಉದ್ದಿಮೆಗಳಿಗೆ ಬೀಳುವ ಹೊರೆಯಷ್ಟನ್ನೇ ಹಳೆಯ ನಿಯಮಗಳಿಂದ ಇಳಿಸಬೇಕೆಂದು 2011ರಲ್ಲಿ ಹೇಳಿದ ಬ್ರಿಟನ್, 2013ರಲ್ಲಿ ಆ ಪ್ರಮಾಣವನ್ನು ಇಮ್ಮಡಿಗೊಳಿಸಿತು. ಒಂದಕ್ಕೆ ಎರಡನ್ನು ತೆಗೆಯುವ ಆದೇಶವನ್ನು ಅಮೆರಿಕ 2017ರಲ್ಲಿ ಹೊರಡಿಸಿ 2021ರಲ್ಲಿ ಹಿಂಪಡೆಯಿತು. ಕೇಳುವುದಕ್ಕೆ ಸೊಗಸಾದ ಈ ಲೆಕ್ಕದ ಬಗ್ಗೆ ನನ್ನ ತಕರಾರಿದೆ: ಅರ್ಜಿಯನ್ನು ಮೂರು ಪ್ರತಿಗಳಲ್ಲಿ ಕೊಡಬೇಕೆನ್ನುವ ನಿಯಮವನ್ನೂ ಕಟ್ಟಡದ ಹೊರಗೋಡೆಗೆ ಬೆಂಕಿ ಹತ್ತಿಕೊಳ್ಳುವ ಹೊದಿಕೆ ಹಾಕಬಾರದೆನ್ನುವ ನಿಯಮವನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. 2017ರಲ್ಲಿ ಇಂಥದೇ ಹೊದಿಕೆಯಿದ್ದ ಲಂಡನ್ನಿನ ವಸತಿ ಕಟ್ಟಡ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ಸತ್ತರು. ನಿಯಮ ಕಡಿತದ ಹುಮ್ಮಸ್ಸಿನಲ್ಲಿ ಜೀವರಕ್ಷಣೆಯ ವಿಷಯಗಳನ್ನೂ ಸಂಬಂಧಪಟ್ಟ ಇಲಾಖೆ ಕಡೆಗಣಿಸಿತ್ತು ಎಂದು 2024ರ ವಿಚಾರಣಾ ವರದಿ ದಾಖಲಿಸಿತು.

ಆದ್ದರಿಂದ ಎಣಿಸುವುದಕ್ಕಿಂತ, ಪ್ರತಿ ನಿಯಮಕ್ಕೂ ಹುಟ್ಟುವಾಗಲೇ ಕೊನೆಯ ದಿನಾಂಕ ಬರೆದಿಡುವುದು ಮೇಲು. ಆಗ ತೆಗೆದುಹಾಕಬೇಕೆನ್ನುವವರು ಕಾರಣ ಕೊಡಬೇಕಿಲ್ಲ, ಉಳಿಸಬೇಕೆನ್ನುವವರು ಕೊಡಬೇಕು. ಅಮೆರಿಕದ ಐಡಹೋ ರಾಜ್ಯದಲ್ಲಿ ಇದು ಬಹುಮಟ್ಟಿಗೆ ಆಕಸ್ಮಿಕವಾಗಿ ನಡೆಯಿತು. ಆಗ ಅಲ್ಲಿ ಆಡಳಿತ ನಿಯಮಗಳಿಗೆ ಶಾಸಕಾಂಗ ವರ್ಷ ವರ್ಷವೂ ಮರು ಒಪ್ಪಿಗೆ ಕೊಡಬೇಕಿತ್ತು, ಇಲ್ಲದಿದ್ದರೆ ಅವುಗಳ ಅವಧಿ ಮುಗಿಯುತ್ತಿತ್ತು. 2019ರಲ್ಲಿ ಎರಡು ಸದನಗಳ ಜಗಳದಲ್ಲಿ ಆ ಒಪ್ಪಿಗೆ ಸಿಗಲೇ ಇಲ್ಲ. 8,000ಕ್ಕೂ ಹೆಚ್ಚು ಪುಟಗಳ ನಿಯಮಾವಳಿಯಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಇಲಾಖೆಗಳು ಕುಳಿತು ಓದಬೇಕಾಯಿತು. ಬಹುಶಃ ಕೆಲವು ಪುಟಗಳನ್ನು ಅಧಿಕಾರಿಗಳು ಆಗಲೇ ಮೊದಲ ಬಾರಿ ಓದಿರಬೇಕು.

ಆದರೆ ಎಲ್ಲವೂ ಒಂದೇ ದಿನ ಮುಗಿಯುವಂತಿದ್ದರೆ, ಓದದೆಯೇ ಸಾರಾಸಗಟಾಗಿ ನವೀಕರಿಸುವ ಅಭ್ಯಾಸ ಬೆಳೆಯುತ್ತದೆ. 1977ರಲ್ಲಿ ಸನ್‌ಸೆಟ್ ಕಾಯ್ದೆ (ಮುಂದುವರಿಸದಿದ್ದರೆ ಸಂಸ್ಥೆಯ ಅವಧಿ ತಾನಾಗಿಯೇ ಮುಗಿಯುವ ಕಾನೂನು) ತಂದ ಅಮೆರಿಕದ ಟೆಕ್ಸಸ್ ರಾಜ್ಯ, ತನ್ನ ಸಂಸ್ಥೆಗಳನ್ನು ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ, ಸರದಿಯ ಪ್ರಕಾರ ಪರಿಶೀಲಿಸುತ್ತದೆ. ಆ ಕೆಲಸ ಮಾಡುವುದು ಬಹುಪಾಲು ಶಾಸಕರೇ ಇರುವ ಆಯೋಗ. ತನ್ನ ಅಳಿವು ಉಳಿವಿಗೆ ತಾನೇ ತೀರ್ಪುಗಾರನಾಗುವ ಅವಕಾಶ ಸಂಸ್ಥೆಗೆ ಅಲ್ಲಿಲ್ಲ.